ಮಗುವಿನ ಉಸಿರು ಎಣಿಸುವ ವಿದ್ಯೆ

(ಆಲಸನತ್ತಂ ಜಾತ್ರೆಯ ವೇದಿಕೆಯಲ್ಲಿ ನಿವೃತ್ತ ಆರೋಗ್ಯ ದಾದಿಯೊಬ್ಬರು ಮಾಡಿದ ಭಾಷಣ)



ದೇವರ ಸನ್ನಿಧಿಯಲ್ಲಿ ಔಷಧದ ಮಾತೇಕೆ ಎಂದು ತಾವು ಕೇಳಬಹುದು. ಕೂಸಿಗೆ ಜ್ವರ ಬಂದರೆ ನಾವು ಹರಕೆ ಹೊರುವುದು ಇಲ್ಲಿಯೇ ಅಲ್ಲವೇ? ಆದ್ದರಿಂದ ಮಕ್ಕಳ ಆರೋಗ್ಯಕ್ಕಾಗಿ ನರ್ಸಮ್ಮನಿಗೆ ಏನು ಗೊತ್ತಿರಬೇಕು ಎಂಬುದನ್ನು ಇಲ್ಲಿಯೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬ ತಾಯಿ ಎಂಟು ತಿಂಗಳ ಮಗುವನ್ನು ತಂದು, "ನರ್ಸಮ್ಮ, ಪಕ್ಕೆ ಎಳೀತಾ ಐತೆ" ಎಂದಳು. ನಾನು ಹಣೆ ಮುಟ್ಟಿ ನೋಡಿ, ಜ್ವರದ ಔಷಧ ಕೊಟ್ಟು ಕಳಿಸಿದೆ. ಅಂಗಿ ಎತ್ತಿ ನೋಡಲಿಲ್ಲ. ಆ ರಾತ್ರಿಯೇ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ದೇವರ ದಯೆ, ವೈದ್ಯರ ಶ್ರಮ, ಮಗು ಉಳಿಯಿತು. ತಾಯಿ ರೋಗವನ್ನು ಸರಿಯಾಗಿಯೇ ಹೇಳಿದ್ದಳು. ಕೇಳುವ ಕಿವಿ ನನಗಿರಲಿಲ್ಲ.

ಅಂದಿನಿಂದ ಕಲಿತದ್ದು ಇಷ್ಟು. ಕೆಮ್ಮುವ ಮಗು ಅಳದೆ ಸುಮ್ಮನಿರುವಾಗ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಉಸಿರು ಅಷ್ಟಾದರೆ ಅಥವಾ ಅದಕ್ಕೂ ಮೀರಿದರೆ ನ್ಯುಮೋನಿಯಾ ಎಂದು ಅನುಮಾನಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಾಲು ಕುಡಿಯದ, ಕುಡಿದದ್ದೆಲ್ಲ ವಾಂತಿ ಮಾಡುವ, ಫಿಟ್ಸ್ ಬಂದ, ಎಚ್ಚರಿಸಿದರೂ ಏಳದ ಮಗುವನ್ನು ಬೆಳಗಾಗಲಿ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಭೇದಿಯಾದ ಮಗುವಿನ ಕಣ್ಣು ಗುಳಿ ಬಿದ್ದಿದೆಯೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆಯೇ ನೋಡಬೇಕು. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಕಲಸಿ, ಚಮಚದಲ್ಲಿ ಕುಡಿಸಿ, ಒಂದು ದಿನದೊಳಗೆ ಮುಗಿಸಬೇಕು. ಜೊತೆಗೆ 14 ದಿನ ಜಿಂಕ್ ಮಾತ್ರೆ. ಎದೆಹಾಲು ನಿಲ್ಲಿಸಲೇಬಾರದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥ ಉಪ್ಪು-ಸಕ್ಕರೆಯ ನೀರನ್ನೇ ರೋಗಿಗಳ ಮನೆಯವರ ಕೈಯಿಂದ ಕುಡಿಸಿ ಸಾವಿರಾರು ಜೀವ ಉಳಿಸಿದರು. ಆದ್ದರಿಂದ ತಾಯಿಗೆ ಕಲಿಸುವುದೂ ನರ್ಸಿನ ವಿದ್ಯೆಯೇ.

ಲಸಿಕೆಯ ವಿಷಯ ತಮಗೆ ಗೊತ್ತಿದೆ. ಮನೆಮನೆಗೂ ಹನಿ ಹಾಕಿದ ಫಲವಾಗಿ 2014ರಲ್ಲಿ ಭಾರತ ಪೋಲಿಯೋಮುಕ್ತವಾಯಿತು. ಒಂದು ಸೂಜಿಯನ್ನೂ ತಪ್ಪಿಸಬೇಡಿ, ಕಾರ್ಡು ಜೋಪಾನ.

ನಮ್ಮ ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಇಲ್ಲಿಗೆ ಬರುವ ನರ್ಸಮ್ಮನಿಗೆ ತಾಯಂದಿರು ಕಾಯಿಲೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂಬುದು ತಿಳಿದಿರಬೇಕು. ತಾಯಂದಿರೇ, ಅರ್ಥವಾಗದಿದ್ದರೆ ಸಂಕೋಚ ಬಿಟ್ಟು ಇನ್ನೊಮ್ಮೆ ಹೇಳಿ, ಮಗುವಿನ ಅಂಗಿ ಎತ್ತಿ ತೋರಿಸಿ. ಹರಕೆಯನ್ನೂ ಹೊರೋಣ, ಉಸಿರನ್ನೂ ಎಣಿಸೋಣ.

ಎಲ್ಲ ಮಕ್ಕಳಿಗೂ ಭಗವಂತ ಆಯುರಾರೋಗ್ಯ ಕೊಡಲಿ ಎಂದು ಬೇಡಿ ನನ್ನ ಮಾತು ಮುಗಿಸುತ್ತೇನೆ.