ಗ್ರಂಥಾಲಯದೊಳಗೊಂದು ನಿಧಿಶೋಧ

ನಿಧಿ ಎಂದೊಡನೆ ನಮಗೆ ನೆನಪಾಗುವುದು ಹಾಳುಗುಡಿ, ಹುತ್ತ, ಅದನ್ನು ಕಾಯುವ ಸರ್ಪ. ಇಂದು ನಾನು ಹೇಳಲಿರುವ ನಿಧಿಗೆ ಹಾರೆ, ಗುದ್ದಲಿ ಬೇಡ. ಅಂಜನ ಹಾಕಿ ನೋಡುವವರೂ ಬೇಡ. ಅದು ಇರುವುದು ಸಾರ್ವಜನಿಕ ಗ್ರಂಥಾಲಯದ ಕಪಾಟಿನಲ್ಲಿ, ಪುಸ್ತಕಗಳ ನಡುವೆ. ಅದನ್ನು ಹುಡುಕಲು ಬೇಕಾದದ್ದು ಒಂದು ಒಗಟನ್ನು ಬಿಡಿಸುವ ಬುದ್ಧಿ ಮತ್ತು ಒಂದಿಷ್ಟು ತಾಳ್ಮೆ.

ಈ ಆಟಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಜಿಪಿಎಸ್ ಎಂಬ ಉಪಗ್ರಹ ವ್ಯವಸ್ಥೆಯನ್ನು ಮೂಲತಃ ಸೈನ್ಯಕ್ಕಾಗಿ ರೂಪಿಸಲಾಗಿತ್ತು. ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸುತ್ತಿದ್ದರು. ಹೀಗಾಗಿ ಉಪಕರಣ ತೋರಿಸಿದ ಸ್ಥಳಕ್ಕೂ ನಿಜವಾದ ಸ್ಥಳಕ್ಕೂ ಸುಮಾರು 100 ಮೀಟರುಗಳಷ್ಟು ಅಂತರವಿರಬಹುದಾಗಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಈ ದೋಷವನ್ನು ತೆಗೆದುಹಾಕಲಾಯಿತು. ಅಂತರ 20 ಮೀಟರಿಗೂ ಕಡಿಮೆಯಾಯಿತು.

ಈ ನಿಖರತೆಯನ್ನು ಪರೀಕ್ಷಿಸಿ ನೋಡಬೇಕೆಂದು ಡೇವ್ ಅಲ್ಮರ್ ಎಂಬವರಿಗೆ ಅನಿಸಿತು. ಮೇ 3ರಂದು ಅವರು ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟರು. ಅದರಲ್ಲಿ ಪುಸ್ತಕ, ಕವಣೆ ಮುಂತಾದ ಚಿಲ್ಲರೆ ವಸ್ತುಗಳಿದ್ದವು. ಆ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಅಂತರಜಾಲದ ಮೂಲಕ ಪ್ರಕಟಿಸಿದರು. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿಯೇಬಿಟ್ಟರು! ಇಂದು ಪ್ರಪಂಚದಾದ್ಯಂತ ಇಂಥ 30 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳಿವೆ. ನಿಯಮಗಳು ಸರಳ. ಪೆಟ್ಟಿಗೆಯನ್ನು ಹುಡುಕಬೇಕು, ಒಳಗಿರುವ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆಯಬೇಕು, ಏನನ್ನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು, ಪೆಟ್ಟಿಗೆಯನ್ನು ಇದ್ದಲ್ಲಿಯೇ ಬಿಟ್ಟು ಬರಬೇಕು. ನೆಲವನ್ನು ಅಗೆದು ಹೂಳುವುದಕ್ಕೆ ಈಗ ಸಾಮಾನ್ಯವಾಗಿ ಅನುಮತಿಯಿಲ್ಲ.

ಈ ಆಟದಲ್ಲಿ ಒಗಟಿನ ಪೆಟ್ಟಿಗೆಗಳದೇ ಒಂದು ವರ್ಗ. ಇಲ್ಲಿ ನಿಜವಾದ ಸ್ಥಳವನ್ನು ನೇರವಾಗಿ ಹೇಳುವುದಿಲ್ಲ. ಒಗಟನ್ನು ಬಿಡಿಸಿದಾಗಲೇ ಅದು ತಿಳಿಯುತ್ತದೆ. ಇವುಗಳಲ್ಲಿ ಕೆಲವನ್ನು ಗ್ರಂಥಾಲಯಗಳ ಒಳಗೇ ಇಟ್ಟಿರುತ್ತಾರೆ. ಅಲ್ಲಿ ಒಗಟು ಏಕೆ ಬೇಕಾಯಿತು ಎಂಬುದೇ ಸ್ವಾರಸ್ಯದ ವಿಷಯ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ನಾವು ಎಲ್ಲಿದ್ದೇವೆಂದು ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಅಷ್ಟು ದೂರದಿಂದ ಬರುವ ಸಂಕೇತ ತೀರ ಕ್ಷೀಣವಾಗಿರುತ್ತದೆ. ಕಾಂಕ್ರೀಟಿನ ಚಾವಣಿ ಅದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ತಡೆಯದಿದ್ದರೂ ಪ್ರಯೋಜನ ಕಡಿಮೆಯೇ. ಕೆಳಮಹಡಿಯ ಕಪಾಟಿಗೂ ಅದರ ನೇರ ಮೇಲಿನ ಮಹಡಿಯ ಕಪಾಟಿಗೂ ಅಕ್ಷಾಂಶ, ರೇಖಾಂಶಗಳು ಒಂದೇ ಅಲ್ಲವೆ? ಐದು ಮೀಟರುಗಳ ತಪ್ಪಿನಲ್ಲಿ ಎಷ್ಟು ಸಾಲು ಪುಸ್ತಕಗಳು ಅಡಗಿರುತ್ತವೆ ಎಂಬುದನ್ನು ನೀವೇ ಊಹಿಸಿ. ಉಪಗ್ರಹ ನಮ್ಮನ್ನು ಗ್ರಂಥಾಲಯದ ಬಾಗಿಲವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ಬೇರೊಂದು ವಿಳಾಸಪದ್ಧತಿ ಬೇಕು.

ಆ ಪದ್ಧತಿ ಗ್ರಂಥಾಲಯದಲ್ಲಿ ಬಹುಕಾಲದಿಂದ ಇದೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದರು. ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿ, ಪ್ರತಿ ವರ್ಗವನ್ನು ಮತ್ತೆ ಹತ್ತಾಗಿ, ಅದನ್ನೂ ಹತ್ತಾಗಿ ವಿಂಗಡಿಸುವುದು ಇದರ ಕ್ರಮ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಕಾಣುವ ಸಂಖ್ಯೆ ಈ ವಿಂಗಡಣೆಯ ಫಲ. ಅದು ಪುಸ್ತಕದ ಅಕ್ಷಾಂಶ, ರೇಖಾಂಶವಿದ್ದಂತೆ.

ಈಗ ಒಂದು ಸಣ್ಣ ಒಗಟನ್ನು ನಾವೇ ಕಟ್ಟೋಣ. ಮೂರು ಪ್ರಶ್ನೆಗಳು, ಒಂದೊಂದರ ಉತ್ತರವೂ ಒಂದೊಂದು ಅಂಕಿ. ಎಸ್. ಆರ್. ರಂಗನಾಥನ್ ಅವರು ರಚಿಸಿದ ಗ್ರಂಥಾಲಯ ಸೂತ್ರಗಳೆಷ್ಟು? ಐದು. ಭೂಮಿಯ ಅಕ್ಷವು ನೆಲವನ್ನು ಸಂಧಿಸುವ ಧ್ರುವಗಳೆಷ್ಟು? ಎರಡು. ಜೇನುಗೂಡಿನ ಕೋಣೆಗೆ ಎಷ್ಟು ಬದಿಗಳು? ಆರು. ಸಾಲಾಗಿ ಬರೆದರೆ 526. ಡ್ಯೂಯಿ ಪದ್ಧತಿಯಲ್ಲಿ 500 ಎಂದರೆ ವಿಜ್ಞಾನ, 520 ಖಗೋಳವಿಜ್ಞಾನ, 526 ಗಣಿತೀಯ ಭೂಗೋಳ. ಭೂಮಾಪನ, ನಕಾಶೆ ರಚನೆಗಳ ಪುಸ್ತಕಗಳು ಅಲ್ಲಿರುತ್ತವೆ. ಅಕ್ಷಾಂಶ, ರೇಖಾಂಶಗಳನ್ನು ಹಿಡಿದು ಬಂದವನು ಕೊನೆಗೆ ಅವುಗಳನ್ನೇ ಕುರಿತ ಪುಸ್ತಕಗಳ ಮುಂದೆ ಬಂದು ನಿಲ್ಲುತ್ತಾನೆ! ಆ ಸಾಲಿನಲ್ಲಿ ಪುಸ್ತಕದಂತೆಯೇ ಕಾಣುವ, ಬೆನ್ನಿಗೆ ಚೀಟಿ ಅಂಟಿಸಿದ ಪೆಟ್ಟಿಗೆಯೊಂದಿದ್ದರೆ ಅದೇ ನಮ್ಮ ನಿಧಿ.

ಹುಡುಕುವಾಗ ಒಂದು ಎಚ್ಚರ ಬೇಕು. 526.35 ಮೊದಲೋ 526.9 ಮೊದಲೋ? ಮೂವತ್ತೈದು ದೊಡ್ಡದೆಂದು ಮುಂದೆ ಹೋದವರು ದಾರಿ ತಪ್ಪುತ್ತಾರೆ. ಇವು ದಶಮಾಂಶಗಳು, ಆದ್ದರಿಂದ.35 ಮೊದಲು, .9 ಆಮೇಲೆ. ಗಣಿತದ ತರಗತಿಯಲ್ಲಿ ಕಲಿತದ್ದು ಕಪಾಟಿನ ಮುಂದೆ ಹೀಗೆ ಕೆಲಸಕ್ಕೆ ಬರುತ್ತದೆ.

ರಂಗನಾಥನ್ ಅವರೂ ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ತಮ್ಮ ಐದು ಸೂತ್ರಗಳನ್ನು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಪ್ರತಿಯೊಂದು ಪುಸ್ತಕವೂ ತನಗೆ ತಕ್ಕ ಓದುಗನ ಕೈ ಸೇರಬೇಕೆಂಬುದು ಅವರ ಸೂತ್ರಗಳಲ್ಲಿ ಒಂದರ ಆಶಯ. ಗ್ರಂಥಾಲಯದ ನಿಧಿಶೋಧ ಮಾಡುವುದೂ ಇದನ್ನೇ: ಯಾರೂ ಸುಳಿಯದ ಕಪಾಟಿನ ಮುಂದೆ ಒಬ್ಬ ಓದುಗನನ್ನು ತಂದು ನಿಲ್ಲಿಸುತ್ತದೆ.

ಇಂಥ ಆಟವನ್ನು ನೀವೂ ಏರ್ಪಡಿಸಬಹುದು. ಆದರೆ ಗ್ರಂಥಪಾಲಕರ ಒಪ್ಪಿಗೆಯಿಲ್ಲದೆ ಏನನ್ನೂ ಅಡಗಿಸಿಡಬಾರದು. ಸಾರ್ವಜನಿಕ ಸ್ಥಳದಲ್ಲಿ ವಾರಸುದಾರರಿಲ್ಲದ ಪೆಟ್ಟಿಗೆ ಕಂಡರೆ ಜನ ಗಾಬರಿಯಾಗುವುದು ಸಹಜ. ಗ್ರಂಥಪಾಲಕರಿಗೆ ಮೊದಲೇ ತಿಳಿದಿದ್ದರೆ ಅವರೇ ತಕ್ಕ ಜಾಗವನ್ನು ತೋರಿಸಿಯಾರು. ಓದುತ್ತ ಕುಳಿತವರಿಗೆ ತೊಂದರೆಯಾಗದಂತೆ ಹುಡುಕುವುದೂ ಆಟದ ಭಾಗವೇ.

ಇನ್ನೊಂದು ಮಾತು. ನಿಧಿಯ ಪೆಟ್ಟಿಗೆಯನ್ನು ಒಂದು ಸಾಲು ಆಚೆಗಿಟ್ಟರೆ ಮುಂದೆ ಬರುವವನಿಗೆ ಅದು ಸಿಗುವುದಿಲ್ಲ. ಅವನು ಬಿಡಿಸಿದ ಒಗಟೆಲ್ಲ ವ್ಯರ್ಥ. ಪುಸ್ತಕದ ಕಥೆಯೂ ಇದೇ. ಓದಿದ ಪುಸ್ತಕವನ್ನು ಕೈಗೆ ಸಿಕ್ಕ ಕಪಾಟಿನಲ್ಲಿ ತುರುಕಿ ಹೋದರೆ ಪಟ್ಟಿಯಲ್ಲಿ ಅದು ಇರುತ್ತದೆ, ಕಟ್ಟಡದಲ್ಲಿಯೂ ಇರುತ್ತದೆ, ಆದರೆ ಬೇಕಾದವನಿಗೆ ದೊರೆಯುವುದಿಲ್ಲ. ಪರೀಕ್ಷೆಯ ಮುನ್ನಾದಿನ ಆ ಒಂದೇ ಪ್ರತಿಯನ್ನು ಅರಸಿ ಬಂದ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಕದ್ದ ಪುಸ್ತಕಕ್ಕೂ ತಪ್ಪಿ ಇಟ್ಟ ಪುಸ್ತಕಕ್ಕೂ ಅವನ ಪಾಲಿಗೆ ವ್ಯತ್ಯಾಸವೇನು? ಎಲ್ಲಿಡಬೇಕೆಂದು ತಿಳಿಯದಿದ್ದರೆ ಮೇಜಿನ ಮೇಲೆಯೇ ಬಿಡಿ. ಗೊತ್ತಿರುವವರು ಅದರ ಸ್ಥಾನಕ್ಕೆ ಸೇರಿಸುತ್ತಾರೆ.

ನಾಳೆ ನಿಮ್ಮ ಊರಿನ ಅಥವಾ ಕಾಲೇಜಿನ ಗ್ರಂಥಾಲಯಕ್ಕೆ ಹೋದಾಗ ಅಲ್ಲಿ ಯಾವ ವರ್ಗೀಕರಣ ಬಳಸುತ್ತಾರೆಂದು ಗ್ರಂಥಪಾಲಕರನ್ನು ಕೇಳಿ. ನಿಮಗೆ ಪ್ರಿಯವಾದ ಒಂದು ವಿಷಯದ ಸಂಖ್ಯೆಯನ್ನು ತಿಳಿದುಕೊಂಡು, ಯಾರ ನೆರವೂ ಇಲ್ಲದೆ ಆ ಕಪಾಟಿನ ಮುಂದೆ ಹೋಗಿ ನಿಲ್ಲಿ. ಅಲ್ಲಿ ಪೆಟ್ಟಿಗೆ ಇರಲಿಕ್ಕಿಲ್ಲ. ಆದರೆ ನೀವು ಹುಡುಕಿ ಹೊರಟ ಪುಸ್ತಕದ ಪಕ್ಕದಲ್ಲೇ, ನೀವು ಕೇಳಿಯೇ ಇರದ ಇನ್ನೊಂದು ಪುಸ್ತಕ ಕಾದಿರುತ್ತದೆ. ಅದನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಿ.