ಮೂರು ನಿಮಿಷದ ತಟ್ಟೆ, ದಿನಗಟ್ಟಲೆಯ ಹಾಡು

1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದು ಸುಮಾರು ಮೂರೇ ನಿಮಿಷ. ರಾಗದ ವಿಸ್ತಾರವೆಲ್ಲ ಅಷ್ಟರೊಳಗೆ ಮುದುಡಿಕೊಳ್ಳಬೇಕಿತ್ತು.

ನಮ್ಮ ನಿಟ್ಟೆಗೆ ಹತ್ತಿರದ ನಂದಳಿಕೆಯಲ್ಲಿ ಸಿರಿಜಾತ್ರೆ ನೋಡಿದವರಿಗೆ ಗೊತ್ತು, ತುಳು ಜನಪದ ಮಹಾಕಾವ್ಯದ ನಾಯಕಿ ಸಿರಿಯ ಕತೆ ಮೂರು ನಿಮಿಷಕ್ಕೆ ಒಗ್ಗುವಂಥದ್ದಲ್ಲ. ಮದುವೆ, ಅವಮಾನ, ಗಂಡನನ್ನು ಬಿಟ್ಟು ಹೊರನಡೆಯುವ ಅವಳ ಎದೆಗಾರಿಕೆ. ಮುಂದೆ ಮಗಳು ಸೊನ್ನೆ, ಆಮೇಲೆ ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗ. ಯಾವ ವ್ಯಾಪಾರಿ ಕಂಪನಿ ಇದನ್ನು ಪೂರ್ತಿ ಮುದ್ರಿಸೀತು?

ಮಾರಾಟದ ಲೆಕ್ಕ ಹಾಕದವರು ಬೇಕಿತ್ತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಅಂಥ ದಾಖಲೀಕರಣಕ್ಕೆ ಇಲ್ಲಿ ನೆಲ ಹದಮಾಡಿತ್ತು. 1990ರ ಡಿಸೆಂಬರಿನಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಸಿರಿಯನ್ನು ಹಾಡಿದರು. ಧ್ವನಿಮುದ್ರಿಸಿಕೊಂಡವರು ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಸಂಗಡಿಗರು, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೂ ಜೊತೆಗಿದ್ದರು. ಯಾರೂ ಗಡಿಯಾರ ತೋರಿಸಲಿಲ್ಲ. ಹಾಡು ದಿನಗಟ್ಟಲೆ ಸಾಗಿತು. ಬರಹಕ್ಕೆ ಇಳಿಸಿದಾಗ 15,683 ಸಾಲು! ತುಳು ಪಾಠ, ಇಂಗ್ಲಿಷ್ ಅನುವಾದ ಸಮೇತ 1998ರಲ್ಲಿ ಅದು ಗ್ರಂಥವಾಗಿ ಬಂತು.

ಗ್ರಂಥ ದೊಡ್ಡದೇ. ಆದರೆ ಉಸಿರು, ಏರಿಳಿತ, ಸಾಲಿನ ನಡುವಿನ ತಡೆ ಇರುವುದು ಧ್ವನಿಯಲ್ಲಿ. ಕಾರ್ಕಳ, ಕಾಪು ಕಡೆಯ ಶಾಲಾ ಮಕ್ಕಳಿಗೆ ಅದರ ಒಂದು ಗಂಟೆಯನ್ನಾದರೂ, ಕತ್ತರಿಸದೆ, ಕೇಳಿಸಬೇಕು.