ಅಗಸಿ ಎಷ್ಟು ಅಗಲ ಇರಬೇಕು?

ಚಿಂತಾಕಿಯ ಮಕ್ಕಳೇ, ಮನೆಯಲ್ಲಿ ಹಳೆಯ ರೇಡಿಯೋ ಇದ್ದರೆ ಕತ್ತಲಾದ ಮೇಲೆ ಮೀಡಿಯಂ ವೇವ್‌ಗೆ ಹಾಕಿ ಮುಳ್ಳನ್ನು ನಿಧಾನವಾಗಿ ತಿರುಗಿಸಿ. 738 ಕಿಲೋಹರ್ಟ್ಸ್ ಹೈದರಾಬಾದಿನದು, 765 ಧಾರವಾಡದ್ದು. ರಾತ್ರಿ ಹೊತ್ತು ಬಲು ಎತ್ತರದಲ್ಲಿರುವ ಅಯಾನುಗೋಳ ಈ ಅಲೆಗಳನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುವುದರಿಂದ ದೂರದೂರದ ನಿಲಯಗಳೂ ಬಂದು ಸೇರುತ್ತವೆ. ಒಬ್ಬರು ವಾರ್ತೆ ಓದುತ್ತಿದ್ದರೆ ಹಿಂದಿನಿಂದ ಇನ್ಯಾರದೋ ಹಾಡು!

ನಮ್ಮಲ್ಲಿ ಮೀಡಿಯಂ ವೇವ್ ನಿಲಯಗಳಿಗೆ 9 ಕಿಲೋಹರ್ಟ್ಸ್‌ಗೊಂದರಂತೆ ಜಾಗ ಹಂಚಿದ್ದಾರೆ. ಆದರೆ ಧಾರವಾಡದ ಮಾತು 765ರ ಗೆರೆಯ ಮೇಲಷ್ಟೇ ನಿಲ್ಲುವುದಿಲ್ಲ. ದನಿ ಎಷ್ಟು ಚೂಪೋ ಅಷ್ಟು ದೂರ ಎರಡೂ ಮಗ್ಗುಲಿಗೆ ಹರಡಿಕೊಳ್ಳುತ್ತದೆ. ಮೇವಿನ ಬಂಡಿ ಊರ ಅಗಸಿ ದಾಟುವುದನ್ನು ನೆನಪಿಸಿಕೊಳ್ಳಿ. ಅಗಸಿ ಇಕ್ಕಟ್ಟಾದರೆ ಅಂಚಿನ ಕಣಿಕೆ ಉದುರುತ್ತದೆ. ತೀರ ಅಗಲವಾದರೆ ಪಕ್ಕದ ಬಂಡಿಯೂ ಜತೆಗೇ ನುಗ್ಗುತ್ತದೆ. ರೇಡಿಯೋದೊಳಗೆ ಆ ಅಗಸಿಯ ಕೆಲಸ ಮಾಡುವುದು ಫಿಲ್ಟರ್.

ಇಕ್ಕಟ್ಟು ಫಿಲ್ಟರಿನಲ್ಲಿ ಮೊದಲು ಉದುರುವುದು ಚೂಪು ದನಿ. ‘ಸ’, ‘ಶ’ಗಳು ಮೊಂಡಾಗಿ ಮಾತು ಮಂಕಾಗುತ್ತದೆ. ಅಗಲ ಮಾಡಿದಿರೋ, ಕೊಳಲು ಚೆಂದ ಕೇಳುತ್ತದೆ, ಆದರೆ ‘ಸುಂಯ್’ ಸದ್ದೂ ಹೆಚ್ಚುತ್ತದೆ: ಅಗಲ ಎರಡು ಪಟ್ಟಾದರೆ ಒಳಬರುವ ಆ ಗದ್ದಲದ ಶಕ್ತಿಯೂ ಎರಡು ಪಟ್ಟು. ಇಲ್ಲೊಂದು ಉಪಾಯವುಂಟು. ಎರಡೂ ಮಗ್ಗುಲಲ್ಲಿ ಇರುವುದು ಒಂದೇ ಮಾತು. ಆದ್ದರಿಂದ ಎಡದ ನಿಲಯ ಕಾಡಿದರೆ ಮುಳ್ಳನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ನೋಡಿ.

ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಈ ಮಾತನ್ನೇ ಹಿಡಿದು ಒಂದು ಮಗ್ಗುಲನ್ನು ಕಳಿಸುವುದನ್ನೇ ಬಿಟ್ಟರು. ಅವರ ಮಾತಿಗೆ ಸುಮಾರು 2.5 ಕಿಲೋಹರ್ಟ್ಸ್ ಸಾಕು. ಹಾಡಿಗೆ ಸಾಲದು, ಸಂದೇಶಕ್ಕೆ ಧಾರಾಳ. ನಮಗೆ ಹತ್ತಿರದ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಮನೆಯಲ್ಲೇ ಕಟ್ಟಬಹುದಾದ ‘ಬಿಟ್‌ಎಕ್ಸ್’ ರೇಡಿಯೋ ರೂಪಿಸಿದರು. ದೇಶವಿದೇಶದ ಹ್ಯಾಮ್‌ಗಳು ಅದನ್ನು ಕಟ್ಟಿಕೊಂಡಿದ್ದಾರೆ. ಅದರ ಫಿಲ್ಟರಿನಲ್ಲಿ ಒಂದೇ ಬಗೆಯ ಕ್ವಾರ್ಟ್ಜ್ ಹರಳುಗಳು ಸಾಲಾಗಿ ಕೂತಿವೆ. ಇಂಥ ಫಿಲ್ಟರಿನಲ್ಲಿ ನಡುವಿನ ಕೆಪಾಸಿಟರ್ ಬದಲಿಸಿದರೆ ಅಗಲವೇ ಬದಲಾಗುತ್ತದೆ. ಅಗ್ಗದ ಸಾಮಾನಿನಲ್ಲಿ ಇಷ್ಟು ಚೊಕ್ಕ ಕೆಲಸ! ನನಗೆ ಇದು ಬಹಳ ಇಷ್ಟ. (12 ವರ್ಷ ತುಂಬಿದವರು ಪರೀಕ್ಷೆ ಪಾಸಾಗಿ ಹ್ಯಾಮ್ ಲೈಸೆನ್ಸ್ ಪಡೆಯಬಹುದು, ಗೊತ್ತೇ?)

ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತಕ್ಕೆ 500 ಹರ್ಟ್ಸ್ ಅಗಲವೇ ಹೆಚ್ಚು. ಹಾಗಾದರೆ 100ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಗದ್ದಲವೇನೋ ಅಡಗುತ್ತದೆ. ಆದರೆ ಫಿಲ್ಟರ್ ಕಿರಿದಾದಷ್ಟೂ ಅದು ಎಚ್ಚೆತ್ತುಕೊಳ್ಳುವುದೂ ನಿಧಾನ, ಸುಮ್ಮನಾಗುವುದೂ ನಿಧಾನ. ಚುಕ್ಕೆ ಮುಗಿದರೂ ಅದರ ಗುಂಯ್‌ಗುಡುವಿಕೆ ಉಳಿದು, ಬೇಗಬೇಗ ಕಳಿಸಿದ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜತೆಗೆ ತುಸು ಆಚೆಗಿರುವ ಕ್ಷೀಣ ಕರೆ ಕಿವಿಗೇ ಬೀಳುವುದಿಲ್ಲ. ಅದಕ್ಕೇ ಪಳಗಿದವರು ಮೊದಲು ಅಗಲ ಫಿಲ್ಟರಿನಲ್ಲಿ ಹುಡುಕುತ್ತಾರೆ. ಕರೆ ಸಿಕ್ಕ ಮೇಲೆ, ಅಕ್ಷರಗಳು ಬಿಡಿಬಿಡಿಯಾಗಿ ಕೇಳುವಷ್ಟಕ್ಕೆ ಮಾತ್ರ ಅಗಲವನ್ನು ತಗ್ಗಿಸುತ್ತಾರೆ.